ಹಳೇ ಅಂಗಳದ ಅಪರೂಪದ ಗಿಡಗಳನ್ನು ಉಳಿಸಿಕೊಳ್ಳುವುದು ಹೇಗೆ: ಕಾಸರಗೋಡಿನ ಹವ್ಯಾಸಿ ಬೆಳೆಗಾರರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಾಸರಗೋಡಿನ ಕಡೆ ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ಮೊದಲು ಹೋಗುವುದು ಅಂಗಳದ ಬದಿಯ ಗಿಡಗಳು. ತುಳಸಿಕಟ್ಟೆಯನ್ನು ಜಾಗ್ರತೆಯಿಂದ ಬಿಟ್ಟುಕೊಳ್ಳುತ್ತಾರೆ. ಅದರ ಹಿಂದಿನ ಪನ್ನೀರು ಗುಲಾಬಿ, ಬೇಲಿ ಬದಿಯ ಹಳೇ ದಾಸವಾಳ, ಹಟ್ಟಿಯ ಹಿಂದೆ ಪ್ರತಿ ಮಳೆಗೆ ತಾನಾಗಿ ಹುಟ್ಟುತ್ತಿದ್ದ ಕರ್ಣಕುಂಡಲ, ಎಲ್ಲ ಜೇಸಿಬಿಯ ಅಡಿಗೆ ಹೋಗುತ್ತವೆ. ಆಮೇಲೆ ಇಂಟರ್‌ಲಾಕ್ ಹಾಸಿ, ನರ್ಸರಿಯಿಂದ ನಾಲ್ಕು ಕುಂಡ ತಂದಿಡುತ್ತಾರೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹೆಚ್ಚು ಕಡಿಮೆ ಇದೇ ಕತೆ.

ಇವನ್ನು ಉಳಿಸಲು ದೊಡ್ಡ ಜಾಗ ಬೇಡ, ಡಿಗ್ರಿಯೂ ಬೇಡ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಅಪರೂಪದ ಗಿಡ ತಂದು ನಿಮ್ಮ ಅಂಗಳದಲ್ಲಿ ನೆಟ್ಟಿರಿ ಅಂದ ಮಾತ್ರಕ್ಕೆ ಅದು ಉಳಿಯಿತು ಅಂತ ಅರ್ಥ ಅಲ್ಲ. ಒಂದು ಮನೆಯಲ್ಲಿ ಮಾತ್ರ ಇರುವ ಗಿಡಕ್ಕೆ ಒಂದು ಕೆಟ್ಟ ಬೇಸಿಗೆ ಸಾಕು. ಗುರುತು ಸರಿ ಇರಬೇಕು, ಗಿಡದ ಸಂಖ್ಯೆ ಹೆಚ್ಚಬೇಕು, ಬೇರೆ ಬೇರೆ ಮನೆಗಳಲ್ಲಿ ಇರಬೇಕು. ಈ ಮೂರೂ ಆದಾಗಲೇ ಉಳಿಯಿತು ಎನ್ನಬಹುದು.

ಮನೆಯಂಗಳದವರಿಂದ ಇದೆಲ್ಲ ಆಗುತ್ತದೆಯೇ ಎಂದು ಕೇಳುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಚಿಲಿ ದೇಶದಲ್ಲಿ ಟೆಕೊಫಿಲಿಯಾ ಎಂಬ ಕಡುನೀಲಿ ಹೂವಿನ ಪುಟ್ಟ ಗಡ್ಡೆಗಿಡ ಇದೆ. ಗಡ್ಡೆ ಮಾರುವವರು ಕಿತ್ತು, ದನಗಳು ಮೇಯ್ದು, ಅದು ಬೆಟ್ಟಗಳಿಂದ ಮಾಯವಾಯಿತು ಎಂದೇ ಎಲ್ಲರೂ ನಂಬಿದ್ದರು. 2001ರಲ್ಲಿ ಸ್ಯಾಂಟಿಯಾಗೋ ನಗರದ ಹತ್ತಿರ ಮತ್ತೆ ಸಿಗುವವರೆಗೆ ಅದನ್ನು ಜೀವಂತ ಇಟ್ಟವರು ಕುಂಡದಲ್ಲಿ ಬೆಳೆಸುತ್ತಿದ್ದ ಹೂದೋಟದವರು. ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯದೇ. ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. ಗದ್ದೆ ಕಡಿಮೆ ಎಂದು ಕೈ ಕಟ್ಟಿ ಕೂರದೆ ಪ್ಲಾಸ್ಟಿಕ್ ಚೀಲಗಳಲ್ಲಿ ಭತ್ತ ಬೆಳೆದವರು ಅವರು. 2024ರಲ್ಲಿ ಪದ್ಮಶ್ರೀ ಬಂತು. ಭತ್ತಕ್ಕೆ ಆದದ್ದು ಹೂವಿಗೂ ಆಗುತ್ತದೆ.

ಮೊದಲ ಹೆಜ್ಜೆ: ಯಾವ ಗಿಡ?

ದೂರದ ಅಪರೂಪಕ್ಕೆ ಕೈ ಹಾಕಬೇಡಿ. ನಿಮ್ಮ ಬೈಲಿನ ಹತ್ತು ಹಳೇ ಮನೆಗಳಿಗೆ ಹೋಗಿ. ಅಜ್ಜಿಯಂದಿರ ಹತ್ತಿರ "ಮೊದಲು ಇದ್ದು ಈಗ ಕಾಣದ ಹೂ ಯಾವುದು?" ಎಂದು ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಯಾರ ಮನೆಯಿಂದ ಯಾರ ಮನೆಗೆ ಬಂತು, ಯಾವ ಪೂಜೆಗೆ ಬೇಕಿತ್ತು, ಯಾವ ಬಣ್ಣ ಈಗ ಇಲ್ಲ, ಎಲ್ಲ ಅವರಿಗೆ ನೆನಪಿರುತ್ತದೆ.

ಪಟ್ಟಿ ಉದ್ದ ಆಗುತ್ತದೆ. ಆದರೆ ಮೊದಲ ವರ್ಷ ಎರಡು ಮೂರು ಗಿಡ ಸಾಕು. ಐವತ್ತು ಬಗೆ ತಂದು ಅರ್ಧ ಒಣಗಿಸುವುದಕ್ಕಿಂತ ಮೂರು ಬಗೆಯನ್ನು ಹತ್ತು ಮನೆಗೆ ತಲುಪಿಸುವುದು ದೊಡ್ಡ ಕೆಲಸ. ನಿಮ್ಮ ಜಾಗಕ್ಕೆ ಹೊಂದುವುದನ್ನೇ ಆರಿಸಿ. ತೋಡಿನ ಬದಿ ಜಾಗ ಇದ್ದರೆ ಕೇದಗೆ. ಹಿತ್ತಿಲಲ್ಲಿ ಮರ ಬೆಳೆಯಲು ಬಿಡುವಷ್ಟು ಇದ್ದರೆ ಸುರಗಿ. ಜಗಲಿಯ ಮುಂದೆ ನಾಲ್ಕು ಗ್ರೋಬ್ಯಾಗ್ ಇಡಲು ಮಾತ್ರ ಜಾಗ ಅಂದರೆ ಕರ್ಣಕುಂಡಲ, ಗುಲಾಬಿ, ದಾಸವಾಳ.

ಅಪರೂಪ ಎಂದು ಎಲ್ಲವನ್ನೂ ಹಂಚುವುದೂ ಸರಿಯಲ್ಲ. ಹೊರದೇಶದಿಂದ ಬಂದು ತಾನಾಗಿ ಹಬ್ಬುವ ಗಿಡಗಳನ್ನು ದೂರ ಇಡಿ. ನೆಲ ಮುಚ್ಚಲೆಂದು ತಂದ ಹಳದಿ ಹೂವಿನ ಸಿಂಗಾಪುರ ಡೈಸಿ ಈಗ ತೋಡು, ರಸ್ತೆಬದಿ ಎಲ್ಲ ಕಡೆ ಹಾಸಿಕೊಂಡಿದೆ, ನೋಡಿದ್ದೀರಲ್ವಾ.

ಗುಡ್ಡೆಯಿಂದ ಕೀಳಬೇಡಿ

ಇದನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಮುರಕಲ್ಲಿನ ಪದವುಗಳಲ್ಲಿ (ಗುಡ್ಡೆಯ ಮೇಲಿನ ಬಯಲು) ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಳ್ಳುವ, ಬೇರೆಲ್ಲೂ ಇಲ್ಲದ ಗಿಡಗಳಿವೆ. ಪೆರಿಯದ ಕಡೆಯ ಹೊಳೆನೀರಿನ ಬಿಳಿ ಲಿಲ್ಲಿ ಅದರಲ್ಲೊಂದು. ಮಲಯಾಳದಲ್ಲಿ ಪೆರಿಯ ಪೊಲತ್ತಾಳಿ ಎನ್ನುತ್ತಾರೆ. ವಿಜ್ಞಾನಿಗಳು 2012ರಲ್ಲಿ ಕ್ರೈನಮ್ ಮಲಬಾರಿಕಮ್ ಎಂದು ಹೆಸರಿಟ್ಟರು. ಈಗ ಅದು ಕಾಸರಗೋಡು ಜಿಲ್ಲೆಯ ಅಧಿಕೃತ ಹೂ. ಮಳೆಗಾಲದಲ್ಲಿ ಹರಿಯುವ, ಬೇಸಿಗೆಯಲ್ಲಿ ಬತ್ತುವ ನೀರು ಅದಕ್ಕೆ ಬೇಕು. ಕುಂಡದಲ್ಲಿ ನಾವು ಆ ನೀರು ಕೊಡಲಾರೆವು.

ಹಾಗಾಗಿ ಅಂಥ ಗಿಡಗಳಿಗೆ ನಾವು ಮಾಡಬಹುದಾದದ್ದು ಆ ಜಾಗವನ್ನು ಕಾಯುವುದು. ಪದವಿನಲ್ಲಿ ಕಲ್ಲಿನ ಕೋರೆ ಬರುವ ಸುದ್ದಿ ಇದ್ದರೆ ಪಂಚಾಯತಿಗೆ ಬರೆದು ತಿಳಿಸುವುದು, ಹೂ ಬಿಟ್ಟಾಗ ಫೋಟೋ ತೆಗೆದು ದಾಖಲಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿರುವ ಗಿಡಗಳನ್ನು ಕಾಡಿನಿಂದ ಕೀಳುವುದು ಅಪರಾಧವೂ ಹೌದು. ಮನೆಯಂಗಳದ ಕೆಲಸ ಮನೆಯಂಗಳದಿಂದಲೇ ಶುರುವಾಗಲಿ. ಬೀಳುವ ಮನೆ, ಕಡಿಯುವ ಮರ, ತೆಗೆಯುವ ಬೇಲಿ, ಅಲ್ಲಿ ಯಜಮಾನರ ಒಪ್ಪಿಗೆ ಕೇಳಿ ಎಷ್ಟು ಬೇಕಾದರೂ ತನ್ನಿ.

ಎರಡನೇ ಹೆಜ್ಜೆ: ಗುರುತು ಬರೆಯುವುದು

ಬೇಜಾರಿನ ಕೆಲಸ ಅನ್ನಿಸಬಹುದು. ನನ್ನ ಪ್ರಕಾರ ನೀರು ಹಾಕುವುದಕ್ಕಿಂತ ಇದು ಮುಖ್ಯ. ಹೆಸರು, ಊರು ಗೊತ್ತಿಲ್ಲದ ಗಿಡ ನಿಮ್ಮ ಕಾಲ ಮುಗಿದ ಮೇಲೆ ಸುಮ್ನೆ ಒಂದು ಗಿಡ. ಮುಂದಿನವರು ಅದನ್ನು ಯಾಕೆ ಇಟ್ಟುಕೊಳ್ಳಬೇಕು?

ಒಂದು ನೋಟ್‌ಬುಕ್ ಇಡಿ. ಪ್ರತಿ ಗಿಡಕ್ಕೆ ಒಂದು ಪುಟ. ಯಾರ ಮನೆಯಿಂದ ಬಂತು, ಯಾವ ಊರು, ಯಾವ ತಾರೀಕು, ಬೀಜವೋ ಗೆಲ್ಲೋ (ಕೊಂಬೆಯ ತುಂಡು) ಗಡ್ಡೆಯೋ. ಅಲ್ಲಿ ಎಷ್ಟು ಕಾಲದಿಂದ ಇತ್ತು ಎಂದು ಮನೆಯವರು ಹೇಳಿದ ಮಾತು. ಹೂವಿನ ಬಣ್ಣ, ಪರಿಮಳ, ಅರಳುವ ತಿಂಗಳು. ನಮ್ಮ ಊರಲ್ಲಿ ಒಂದೇ ಗಿಡಕ್ಕೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಟಿ ಹೆಸರುಗಳಿರುತ್ತವೆ. ಸಿಕ್ಕಿದ್ದನ್ನೆಲ್ಲ ಬರೆಯಿರಿ. ಶಾಸ್ತ್ರೀಯ ಹೆಸರು ಖಚಿತ ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ತಪ್ಪು ಹೆಸರು ಬರೆದರೆ ಅದು ಗಿಡದ ಜೊತೆ ಹತ್ತು ಮನೆಗೆ ಹೋಗುತ್ತದೆ.

ಗಿಡಕ್ಕೆ ಕಟ್ಟುವ ಚೀಟಿಯ ವಿಷಯ. ಮಾರ್ಕರ್ ಪೆನ್ನಿನ ಶಾಯಿ ನಮ್ಮ ಬಿಸಿಲು ಮಳೆಗೆ ಒಂದು ವರ್ಷವೂ ನಿಲ್ಲುವುದು ಕಷ್ಟ. ಬಿಳಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸೀಸದ ಕಡ್ಡಿಯಲ್ಲಿ ಬರೆದದ್ದು ಅದಕ್ಕಿಂತ ಜಾಸ್ತಿ ಬಾಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ. ಕತ್ತರಿಯಲ್ಲಿ ಎರಡು ಬೆರಳಗಲದ ಪಟ್ಟಿ ಮಾಡಿ. ಅಂಚು ಕೈ ಕೊಯ್ಯುತ್ತದೆ, ಮಡಚಿಕೊಳ್ಳಿ. ಹಳೇ ಪೇಪರ್ ಕಟ್ಟಿನ ಮೇಲೆ ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಿರಿ. ಅಕ್ಷರ ಲೋಹದಲ್ಲೇ ಮೂಡುತ್ತದೆ, ಅಳಿಯುವ ಪ್ರಶ್ನೆಯೇ ಇಲ್ಲ. ತಂತಿಯನ್ನು ಸಡಿಲವಾಗಿ ಕಟ್ಟಿ, ಇಲ್ಲದಿದ್ದರೆ ಗೆಲ್ಲು ದಪ್ಪ ಆದಾಗ ಕತ್ತು ಹಿಸುಕುತ್ತದೆ. ಜೊತೆಗೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತೋಟದ ಒಂದು ನಕ್ಷೆ ಬರೆದಿಡಿ. ಚೀಟಿಯನ್ನು ದನ ತಿಂದರೂ ನಕ್ಷೆ ಇರುತ್ತದೆ.

ಮೂರನೇ ಹೆಜ್ಜೆ: ಒಂದನ್ನು ಹತ್ತು ಮಾಡುವುದು

ಇಲ್ಲಿ ಒಂದೊಂದು ಗಿಡಕ್ಕೆ ಒಂದೊಂದು ದಾರಿ. ಒಂದು ಮಾತು ಮಾತ್ರ ಎಲ್ಲಕ್ಕೂ ಅನ್ವಯ: ಗೆಲ್ಲು, ಗಡ್ಡೆ, ಕಂದಿನಿಂದ (ಬುಡದಲ್ಲಿ ಏಳುವ ಮರಿ) ಮಾಡಿದ ಗಿಡ ತಾಯಿಗಿಡದ ಹಾಗೆಯೇ ಇರುತ್ತದೆ. ಬೀಜದಿಂದ ಬಂದದ್ದು ಬದಲಾಗಬಹುದು. ಒಂದೇ ಬಣ್ಣ, ಒಂದೇ ಪರಿಮಳ ಉಳಿಯಬೇಕಿದ್ದರೆ ಗೆಲ್ಲು. ಗಿಡದ ಕುಲವೇ ಗಟ್ಟಿಯಾಗಿ ಉಳಿಯಬೇಕಿದ್ದರೆ ಬೇರೆ ಬೇರೆ ತಾಯಿಗಿಡಗಳ ಬೀಜ.

ಎರಡನೆಯದು ಯಾಕೆ ಮುಖ್ಯ ಎಂಬುದಕ್ಕೆ ಅಮೆರಿಕದ ಫ್ರಾಂಕ್ಲಿನಿಯಾ ಮರದ ಕತೆ ಕೇಳಿ. 1765ರಲ್ಲಿ ಜಾರ್ಜಿಯಾದ ಒಂದು ಹೊಳೆದಡದಲ್ಲಿ ಜಾನ್ ಬಾರ್ಟ್ರಾಮ್ ಮತ್ತು ಅವರ ಮಗ ವಿಲಿಯಂ ಇದನ್ನು ಕಂಡರು. ಆಮೇಲೆ ಬೀಜ ತಂದು ಫಿಲಡೆಲ್ಫಿಯಾದ ತಮ್ಮ ತೋಟದಲ್ಲಿ ಬೆಳೆಸಿದರು. 1803ರ ನಂತರ ಕಾಡಿನಲ್ಲಿ ಯಾರೂ ಆ ಮರವನ್ನು ನೋಡಿಲ್ಲ. ಇವತ್ತು ಇರುವ ಮರಗಳೆಲ್ಲ ಆ ತೋಟದ ಸಂತತಿ. ತೋಟ ಮರವನ್ನು ಉಳಿಸಿತು, ಸರಿ. ಆದರೆ ತಂದ ಬೀಜ ಎಷ್ಟೋ ಅಷ್ಟರ ವೈವಿಧ್ಯ ಮಾತ್ರ ಉಳಿಯಿತು. ಹಾಗಾಗಿ ಬೀಜ ತರುವಾಗ ಒಂದೇ ಗಿಡದಿಂದ ಮುಷ್ಟಿ ತುಂಬ ತರುವ ಬದಲು ಹಲವು ಗಿಡಗಳಿಂದ ಸ್ವಲ್ಪ ಸ್ವಲ್ಪ ತನ್ನಿ. ಇಪ್ಪತ್ತು ಗಿಡ ಸಿಕ್ಕಿದರೆ ತುಂಬ ಒಳ್ಳೆಯದು.

ಕರ್ಣಕುಂಡಲದಿಂದ ಶುರು ಮಾಡಿ. ಒಂದೇ ಮಳೆಗಾಲದಲ್ಲಿ ಫಲ ಕಾಣುತ್ತದೆ. ಕಾಯಿ ಉಬ್ಬಿ, ಹಸಿರು ಬಣ್ಣ ಮಾಸಿ ತಿಳಿಯಾದಾಗ ಬಲಿತಿದೆ ಎಂದರ್ಥ. ಮುಟ್ಟಿದರೆ ಸಿಡಿಯುತ್ತದೆ, ಬೀಜ ಅಂಗಳ ತುಂಬ ಚೆಲ್ಲುತ್ತದೆ. ಅಂಗೈಯಲ್ಲಿ ಇಡೀ ಕಾಯಿ ಮುಚ್ಚಿ ಹಿಡಿದು ಕೊಯ್ಯಬೇಕು, ಅಥವಾ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಿಡಬೇಕು. ಬಿಳಿ, ನಸುಗೆಂಪು, ನೇರಳೆ ಎಲ್ಲ ಹತ್ತಿರ ಇದ್ದರೆ ಜೇನು ಬಣ್ಣ ಬೆರೆಸುತ್ತದೆ. ಹಳೇ ಬಣ್ಣ ಒಂದು ಹಾಗೇ ಬೇಕಾದರೆ ಮೊಗ್ಗಿಗೆ ಸೊಳ್ಳೆಪರದೆಯ ಚೂರಿನ ಚೀಲ ಕಟ್ಟಿ. ಅರಳಿದ ಹೂವಿನ ನಡುವೆ ನೋಡಿದರೆ ಪರಾಗದ ಒಂದು ಪುಟ್ಟ ಮುಚ್ಚಳ ಕಾಣುತ್ತದೆ. ಅದು ಉದುರಿದ ಮೇಲೆಯೇ ಒಳಗಿನ ಶಲಾಕೆ ಪರಾಗ ತೆಗೆದುಕೊಳ್ಳಲು ಸಿದ್ಧವಾಗುವುದು. ಆಗ ಅದೇ ಬಣ್ಣದ ಇನ್ನೊಂದು ಹೊಸ ಹೂವಿನ ಪರಾಗವನ್ನು ಸಣ್ಣ ಬ್ರಶ್ಶಿನಲ್ಲಿ ಮುಟ್ಟಿಸಿ, ಚೀಲ ಮತ್ತೆ ಕಟ್ಟಿ. ಆ ಕಾಯಿಗೆ ಬಣ್ಣದ ನೂಲು ಕಟ್ಟಿ ಗುರುತು ಮಾಡಿ.

ದಾಸವಾಳಕ್ಕೆ ಗೆಲ್ಲು ಸಾಕು. ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಗೆಲ್ಲನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಮೊದಲ ಮಳೆ ಬಿದ್ದಾಗ ನೆಡುವುದು ಒಳ್ಳೆಯದು. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ನೆಟ್ಟರೆ ಕೊಳೆಯುವುದೇ ಜಾಸ್ತಿ. ಹತ್ತು ಗೆಲ್ಲು ನೆಡಿ, ಎಲ್ಲವೂ ಚಿಗುರುತ್ತವೆ ಎಂದುಕೊಳ್ಳಬೇಡಿ.

ಪನ್ನೀರು ಗುಲಾಬಿಯ ಗೆಲ್ಲು ಹಟ ಮಾಡಿದರೆ ಬಗ್ಗಿಸಿ ಮಣ್ಣಿಗೆ ಕೊಡಿ. ಉದ್ದದ ಗೆಲ್ಲಿನ ಒಂದು ಗಿಣ್ಣಿನ ಅಡಿಯಲ್ಲಿ ಸಣ್ಣ ಸೀಳು ಮಾಡಿ, ಸೀಳಿಗೆ ಕಡ್ಡಿ ಚೂರು ಸಿಕ್ಕಿಸಿ, ಮಣ್ಣಿನಲ್ಲಿ ಹೂತು ಮೇಲೆ ಕಲ್ಲು ಹೇರಿ. ತುದಿ ಹೊರಗಿರಲಿ. ಬೇರು ಬಂದ ಮೇಲೆ ತಾಯಿಯಿಂದ ಬೇರ್ಪಡಿಸಿ. ಬಗ್ಗದ ಗೆಲ್ಲಿಗೆ ಗೂಟಿ ಕಟ್ಟಬಹುದು. ಎರಡು ಮೂರು ಸೆಂಟಿಮೀಟರ್ ಅಗಲ ಸಿಪ್ಪೆಯನ್ನು ಸುತ್ತಲೂ ತೆಗೆದು, ಅದರಡಿಯ ಜಾರುವ ಹಸಿರು ಪದರವನ್ನು ಕತ್ತಿಯ ಬೆನ್ನಲ್ಲಿ ಚೆನ್ನಾಗಿ ಕೆರೆಯಿರಿ. ಆ ಪದರ ಉಳಿದರೆ ಸಿಪ್ಪೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಒದ್ದೆ ತೆಂಗಿನ ನಾರಿನ ಪುಡಿ ಇಟ್ಟು ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಿರಿ. ಬೇರು ಹೊರಗಿನಿಂದಲೇ ಕಂಡಾಗ ಕತ್ತರಿಸಿ. ಇದಕ್ಕೆ ಮಳೆಗಾಲವೇ ಸರಿ.

ಸುರಗಿಗೆ ತಾಳ್ಮೆ ಬೇಕು. ಕಾಯಿ ಬಿಡುವ ಮರಗಳು ಬೇರೆ, ಬರೀ ಹೂ ಬಿಡುವ ಗಂಡು ಮರಗಳು ಬೇರೆ. ಹಣ್ಣು ಮಳೆಯ ಹೊತ್ತಿಗೆ ಬೀಳುತ್ತದೆ. ಬೀಜ ದಪ್ಪ, ಹಸಿ. ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಸತ್ತೇ ಹೋಗುತ್ತದೆ. ಬಿದ್ದ ವಾರದಲ್ಲೇ ತಿರುಳು ತೊಳೆದು, ಉದ್ದದ ಚೀಲದಲ್ಲಿ ಅರ್ಧ ಬೀಜ ಮುಳುಗುವಷ್ಟು ಹೂತು ನೆರಳಿನಲ್ಲಿ ಇಡಿ. ಗಿಡ ನಿಧಾನ ಬೆಳೆಯುತ್ತದೆ. ಗಂಡೋ ಹೆಣ್ಣೋ ಹೂ ಬಿಟ್ಟಾಗಲೇ ಗೊತ್ತಾಗುವುದರಿಂದ ಹಲವು ಗಿಡ ನೆಡಬೇಕು.

ಕೇದಗೆಯದ್ದೂ ಅದೇ ಸಮಸ್ಯೆ, ಇನ್ನೊಂದು ರೀತಿ. ನಾವು ಮುಡಿಯುವ ಪರಿಮಳದ ಹೂ ಗಂಡು ಗಿಡದ್ದು. ಎಲ್ಲರೂ ಅದರ ಕಂದನ್ನೇ ಕೇಳುತ್ತಾರೆ. ತೋಡಿನ ಬದಿ ಅನಾನಸಿನ ಹಾಗಿನ ಕಾಯಿ ಬಿಡುವ ಗಿಡ ಕಂಡರೆ ಅದರ ಕಂದನ್ನೂ ತಂದು ಉಳಿಸಿ, ದಯವಿಟ್ಟು. ಬುಡದ ಕಂದು ಬೇರು ಸಮೇತ ತೆಗೆದು, ಮುಳ್ಳಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ನೆಟ್ಟರೆ ಬೇಗ ಹಿಡಿಯುತ್ತದೆ.

ಅಗ್ನಿಶಿಖೆಯ ಗಡ್ಡೆಗೆ ಎರಡು ತೋಳಿರುತ್ತವೆ. ಚಿಗುರು ಬರುವುದು ತೋಳಿನ ತುದಿಯಿಂದ. ಆ ತುದಿ ಮುರಿದರೆ ಮುಗಿಯಿತು. ಬೇಸಿಗೆಯಲ್ಲಿ ಗಿಡ ಒಣಗಿದ ಮೇಲೆ ಕೈಯಲ್ಲೇ ಮಣ್ಣು ಬಿಡಿಸಿ ತೆಗೆಯಿರಿ, ಹಾರೆ ಬೇಡ. ಇದರ ಗಡ್ಡೆ, ಬೀಜ, ಎಲೆ ಎಲ್ಲದರಲ್ಲೂ ಕೊಲ್ಚಿಸಿನ್ ಎಂಬ ಕಡುವಿಷ ಇದೆ. ಮಕ್ಕಳು, ದನಕರು ಓಡಾಡುವ ಜಾಗದಲ್ಲಿ ನೆಡಬೇಡಿ, ಗಡ್ಡೆಯನ್ನು ಅಡುಗೆಮನೆಯ ಹತ್ತಿರ ತರಬೇಡಿ. ಕೊಡುವಾಗ ಬಾಯಲ್ಲಿ ಹೇಳಿ, ಚೀಟಿಯಲ್ಲೂ "ವಿಷ" ಎಂದು ಬರೆಯಿರಿ.

ಸೀತೆದಂಡೆ ಎಂಬ ಆರ್ಕಿಡ್ ಹಳೇ ಹಲಸು, ಮಾವಿನ ಮರದ ಮೇಲೆ ಇರುತ್ತದೆ. ಅದರ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಒಂದು ಬಗೆಯ ಶಿಲೀಂಧ್ರ ಬೇಕು. ಮನೆಯಲ್ಲಿ ಬೀಜ ಹಾಕಿ ಪ್ರಯೋಜನ ಇಲ್ಲ. ನಮ್ಮ ಕೆಲಸ ಇಷ್ಟೇ: ಮರ ಕಡಿದಾಗ, ಗೆಲ್ಲು ಮುರಿದು ಬಿದ್ದಾಗ ಓಡಿ ಹೋಗಿ ತರುವುದು. ಸಾಧ್ಯವಾದರೆ ಸಿಪ್ಪೆ ಸಮೇತ ತೆಗೆಯಿರಿ. ಒರಟು ಸಿಪ್ಪೆಯ ಮರಕ್ಕೆ, ಮಧ್ಯಾಹ್ನದ ಬಿಸಿಲು ನೇರ ಬೀಳದ ಬದಿಯಲ್ಲಿ, ಹಳೇ ಬಟ್ಟೆಯ ಪಟ್ಟಿಯಿಂದ ಅಲ್ಲಾಡದಂತೆ ಕಟ್ಟಿ. ಬೇರಿಗೆ ಮಣ್ಣು ಮೆತ್ತಬೇಡಿ, ಕುಂಡದಲ್ಲಿ ಹೂಳಬೇಡಿ. ಹಸಿರು ತುದಿಯ ಹೊಸ ಬೇರು ಸಿಪ್ಪೆಗೆ ಅಂಟಿಕೊಂಡಾಗ ಗಿಡ ಒಪ್ಪಿದೆ ಎಂದು ತಿಳಿಯಿರಿ.

ನಾಲ್ಕನೇ ಹೆಜ್ಜೆ: ಮಣ್ಣು, ಮಳೆ, ಬೇಸಿಗೆ

ಚೀಲ ತುಂಬಲು ಸುಡುಮಣ್ಣು, ಹುಡಿಯಾದ ಹಟ್ಟಿಗೊಬ್ಬರ, ಹೊಯಿಗೆ ಸಮ ಸಮ ಸಾಕು. ಹಸಿ ಗೊಬ್ಬರ ಎಳೆ ಬೇರನ್ನು ಸುಡುತ್ತದೆ. ಮಳೆಗಾಲದಲ್ಲಿ ಚೀಲದಡಿ ಎರಡು ಕಲ್ಲು ಇಡಿ, ನೀರು ನಿಲ್ಲಬಾರದು. ಮಾರ್ಚಿನಿಂದ ಮೇವರೆಗೆ ತೆಂಗಿನ ಮಡಲಿನ ಚಪ್ಪರ, ಬುಡಕ್ಕೆ ಒಣ ಸೊಪ್ಪು. ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು) ನೀರು ಬತ್ತುವ ಕಾಲದಲ್ಲಿ ಎಲ್ಲ ಗಿಡಕ್ಕೂ ನೀರು ಕೊಡಲು ಆಗದಿದ್ದರೆ, ಬೇರೆ ಯಾರ ಮನೆಯಲ್ಲೂ ಇಲ್ಲದ ಗಿಡಕ್ಕೆ ಮೊದಲು ಕೊಡಿ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಅಂಥ ಗಿಡದ ಮುಂದೆ ಕೆಂಪು ಗುರುತು ಇರಬೇಕು.

ಐದನೇ ಹೆಜ್ಜೆ: ಬೀಜ ಕಾಪಿಡುವುದು

ಕರಾವಳಿಯಲ್ಲಿ ಬೀಜಕ್ಕೆ ಶತ್ರು ಸೆಕೆಗಿಂತಲೂ ಗಾಳಿಯ ತೇವ. ಒಣಗಿಸಿ ಇಡಬಹುದಾದ ಬೀಜದ ತೇವ ಶೇಕಡ ಒಂದು ಇಳಿದರೆ ಆಯುಸ್ಸು ಸುಮಾರು ದುಪ್ಪಟ್ಟಾಗುತ್ತದೆ, ಇಡುವ ಜಾಗ ಐದು ಡಿಗ್ರಿ ತಂಪಾದರೂ ದುಪ್ಪಟ್ಟು ಎಂಬುದು ಬೀಜದವರ ಹಳೇ ಲೆಕ್ಕ. ಕರ್ಣಕುಂಡಲದಂಥ ಬೀಜವನ್ನು ನೆರಳಿನಲ್ಲಿ ಹರಡಿ ಒಣಗಿಸಿ. ಆಮೇಲೆ ಗಾಜಿನ ಬಾಟ್ಲಿಯಲ್ಲಿ ಒಂದು ಹಿಡಿ ಅಕ್ಕಿ ಹಾಕಿ. ಅಕ್ಕಿಯನ್ನು ಚೆನ್ನಾಗಿ ಹುರಿದು, ಮುಚ್ಚಿಟ್ಟು ಪೂರ್ತಿ ಆರಿಸಿರಬೇಕು. ಅದರ ಮೇಲೆ ಕಾಗದದ ಪೊಟ್ಟಣದಲ್ಲಿ ಬೀಜ, ಬಿಗಿ ಮುಚ್ಚಳ. ಅಕ್ಕಿ ತೇವ ಎಳೆದುಕೊಳ್ಳುತ್ತದೆ. ಎರಡು ವಾರ ಕಳೆದು ಅಕ್ಕಿ ತೆಗೆದು ಬಾಟ್ಲಿಯನ್ನು ಫ್ರಿಜ್ಜಿನಲ್ಲಿ ಇಡಿ. ಹೊರಗೆ ತೆಗೆದಾಗ ಬಾಟ್ಲಿಯ ತಂಪು ಹೋಗುವವರೆಗೆ ಮುಚ್ಚಳ ತೆರೆಯಬೇಡಿ, ಬೀಜದ ಮೇಲೆ ನೀರು ಕೂರುತ್ತದೆ. ಇಟ್ಟ ಬೀಜವನ್ನು ನಂಬಿ ವರ್ಷಗಟ್ಟಲೆ ಕೂರುವುದೂ ಬೇಡ. ಪ್ರತಿ ವರ್ಷ ಸ್ವಲ್ಪ ಬಿತ್ತಿ, ಹೊಸ ಬೀಜ ತೆಗೆಯಿರಿ.

ಆರನೇ ಹೆಜ್ಜೆ: ಹಂಚುವುದು

ಕೆಲವರಿಗೆ ತಮ್ಮಲ್ಲಿ ಮಾತ್ರ ಇರುವ ಗಿಡವನ್ನು ಕೊಡಲು ಮನಸ್ಸು ಬರುವುದಿಲ್ಲ. ಅವರ ಪ್ರೀತಿ ಅರ್ಥ ಆಗುತ್ತದೆ. ಆದರೆ ನಿಮ್ಮ ಗಿಡ ಸತ್ತ ದಿನ ವಾಪಸ್ ಕೇಳಲು ಒಂದು ಮನೆ ಬೇಡವೇ? ಕೊಡುವುದರಿಂದ ನಿಮ್ಮ ಗಿಡವೇ ಭದ್ರ ಆಗುತ್ತದೆ.

ಕಡಿಮೆ ಎಂದರೂ ಮೂರು ಮನೆಗೆ ಕೊಡಿ, ಮೂರೂ ಒಂದೇ ಬೈಲಿನಲ್ಲಿ ಬೇಡ. ಒಂದು ಬದಿಯಡ್ಕದಲ್ಲಿ, ಒಂದು ಮಂಜೇಶ್ವರದಲ್ಲಿ, ಒಂದು ಪುತ್ತೂರಿನ ಅಕ್ಕನ ಮನೆಯಲ್ಲಿ ಇದ್ದರೆ ಒಂದೇ ರೋಗ, ಒಂದೇ ನೆರೆ ಮೂರನ್ನೂ ಒಯ್ಯಲಾರದು. ಕೇಳಿದವರಿಗೆಲ್ಲ ಕೊಡುವ ಬದಲು ನೋಡಿಕೊಳ್ಳುವವರಿಗೆ ಕೊಡಿ. ಮದುವೆ, ಜಾತ್ರೆ, ಭೂತಕೋಲಕ್ಕೆ ಹೋಗುವಾಗ ಎರಡು ಚೀಲ ಗಾಡಿಯಲ್ಲಿ ಇಟ್ಟುಕೊಂಡು ಹೋಗಿ. ಗಿಡದ ಜೊತೆ ನೋಟ್‌ಬುಕ್ಕಿನ ಆ ಪುಟದ ಫೋಟೋ ಕಳಿಸಿ. ಯಾರಿಗೆ ಕೊಟ್ಟಿರಿ ಎಂದು ಬರೆದಿಟ್ಟುಕೊಂಡು, ವರ್ಷಕ್ಕೊಮ್ಮೆ "ದೊಡ್ಡಮ್ಮಾ, ಗುಲಾಬಿ ಹೇಗಿದೆ?" ಎಂದು ವಿಚಾರಿಸಿ.

ಗಿಡದ ಜೊತೆ ಪೀಡೆ ಹೋಗಬಾರದು. ಕೇರಳದಲ್ಲಿ ಆಫ್ರಿಕದ ದೊಡ್ಡ ಬಸವನಹುಳು ಊರಿಂದ ಊರಿಗೆ ಹೋಗಲು ಗಿಡದ ಬುಡದ ಮಣ್ಣು ಒಂದು ದಾರಿ. ಅದರ ಮೊಟ್ಟೆ ಮಣ್ಣಿನಲ್ಲಿ ಇರುತ್ತದೆ. ಸಾಧ್ಯ ಇದ್ದರೆ ಬೇರು ತೊಳೆದು ಒದ್ದೆ ನಾರಿನ ಪುಡಿಯಲ್ಲಿ ಸುತ್ತಿ ಕೊಡಿ. ನಿಮ್ಮ ಮನೆಗೆ ಬಂದ ಗಿಡವನ್ನೂ ಒಂದು ತಿಂಗಳು ಬೇರೆ ಇಟ್ಟು, ಎಲೆಯಡಿ ಬಿಳಿ ಹಿಟ್ಟುತಿಗಣೆ ಇದೆಯೇ ನೋಡಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಏಳನೇ ಹೆಜ್ಜೆ: ಹೊರಗಿನ ನೆರವು

ಹೆಸರು ಪತ್ತೆಗೆ ಹೂ, ಎಲೆಯ ಎರಡೂ ಬದಿ, ಕಾಯಿ, ಇಡೀ ಗಿಡ ಇಷ್ಟರ ಫೋಟೋ ತೆಗೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಕೇಳಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಸಸ್ಯವಿಜ್ಞಾನ ವಿಭಾಗ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಗೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಗಳ ದಾಖಲೆ ಪುಸ್ತಕ ಅವರ ಕೆಲಸ. ನಿಮ್ಮ ಗಿಡ ಅದರಲ್ಲಿ ಸೇರಿದೆಯೇ ಎಂದು ಕೇಳಿ. ದೊಡ್ಡ ಮಟ್ಟದಲ್ಲಿ ಇದೇ ಕೆಲಸ ನೋಡಬೇಕಿದ್ದರೆ ವಯನಾಡಿನ ಗುರುಕುಲ ಸಸ್ಯಧಾಮ ಇದೆ. 1981ರಲ್ಲಿ ವುಲ್ಫ್‌ಗ್ಯಾಂಗ್ ತಿಯೊರ್‌ಕಾಫ್ ಶುರು ಮಾಡಿದ್ದು. ಪಶ್ಚಿಮಘಟ್ಟದ ಅಳಿವಿನಂಚಿನ ಗಿಡಗಳನ್ನು ಅಲ್ಲಿ ಬೆಳೆಸಿ ಉಳಿಸುತ್ತಾರೆ.

ಕೊನೆಯದಾಗಿ, ನಿಮ್ಮ ನಂತರ ಗಿಡ ಯಾರಿಗೆ ಎಂಬುದನ್ನೂ ಈಗಲೇ ನಿರ್ಧರಿಸಿ. ಮಕ್ಕಳು ಬೆಂಗಳೂರಲ್ಲೋ ಗಲ್ಫಲ್ಲೋ ಇದ್ದರೆ ಅವರನ್ನು ನೆಚ್ಚಿ ಕೂರಬೇಡಿ. ಆಸಕ್ತಿ ಇರುವ ನೆರೆಯವರೊಬ್ಬರ ಹೆಸರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಅವರನ್ನು ಕರೆದು ಕೆಂಪು ಗುರುತಿನ ಗಿಡಗಳನ್ನು ಒಂದೊಂದಾಗಿ ತೋರಿಸಿ. ಮನೆ ಮಾರುವ, ಕೆಡವುವ ಮಾತು ಬಂದರೆ ಒಂದು ಮಳೆಗಾಲ ಮುಂಚೆಯೇ ಗೂಟಿ ಕಟ್ಟಿ, ಗೆಲ್ಲು ನೆಟ್ಟು, ಬೇರು ಬಂದ ಗಿಡಗಳನ್ನು ಅವರ ಅಂಗಳಕ್ಕೆ ದಾಟಿಸಿ.